ಬಿಳಿ ರೂಫಿನ ಸುಳ್ಳು

1/9

ಏಪ್ರಿಲ್‌ನಲ್ಲಿ ನಾನು ಹಾಕಿದ್ದ ಫೋಟೊ ನೆನಪಿದ್ಯಾ? ಹಳೇ ಕ್ಯಾರವಾನ್, ಮೇಲೆ ಹಾಲಿನಂಥ ಬಿಳಿ ರೂಫು, ಏಣಿ ಮೇಲೆ ಬ್ರಷ್ ಹಿಡ್ಕೊಂಡು ಹಲ್ಲು ಕಿರಿದು ನಿಂತಿರೋ ನಾನು. ‘50 ವರ್ಷದ ಗಾಡಿ, ಒಂದೇ ಭಾನುವಾರದಲ್ಲಿ ವಾಟರ್‌ಪ್ರೂಫ್’ ಅಂತ ಬರೆದಿದ್ದೆ. ನೀವೆಲ್ಲ ಬೆಂಕಿ ಎಮೋಜಿ ಸುರಿದಿದ್ರಿ. ನಮ್ಮ ಸಿವಿಲ್ ಬ್ಯಾಚ್ ಗ್ರೂಪಿನಲ್ಲಂತೂ ‘ಕೊನೆಗೂ ನಮ್ಮಲ್ಲೊಬ್ಬ ಇಂಜಿನಿಯರ್ ಆದ’ ಅಂತ ಮೆಸೇಜು.

ಆ ಪೋಸ್ಟ್ ಸುಳ್ಳು.

ಹಾಕುವಾಗ ಅದು ಸುಳ್ಳು ಅಂತ ನನಗೂ ಗೊತ್ತಿರಲಿಲ್ಲ. ಮೂರು ವಾರಕ್ಕೆ ಗೊತ್ತಾಯ್ತು. ಆಮೇಲೂ ಬಾಯಿ ಬಿಡಲಿಲ್ಲ, ನಾಚಿಕೆ. ಈಗ ಕೆಲಸ ನಿಜವಾಗ್ಲೂ ಮುಗಿದಿದೆ, ಹಾಗಾಗಿ ಪೂರ್ತಿ ಕಥೆ ಹೇಳ್ತೀನಿ. ಉದ್ದ ಇದೆ, ಒಂಬತ್ತು ಭಾಗ. ಚಹಾ ಇಟ್ಕೊಂಡು ಕೂತ್ಕೊಳ್ಳಿ.

ಹೊಸಬರಿಗೆ: ನಾನು ತೀರ್ಥಹಳ್ಳಿ ಕಡೆಯವನು. ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿದ್ದೀನಿ. ಎಂ.ಎಸ್ಸಿ. ಮುಗೀತು, ಕೆಲಸ ಹುಡುಕ್ತಾ ಇದ್ದೀನಿ, ಅಲ್ಲೀವರೆಗೆ ಒಂದು ಗೋಡೌನಿನಲ್ಲಿ ರಾತ್ರಿ ಪಾಳಿ. ಒಬ್ಬ ಅಜ್ಜಿಯ ಮನೇಲಿ ಮಹಡಿ ಮೇಲಿನ ಕೋಣೆ ಬಾಡಿಗೆಗೆ ಹಿಡಿದಿದ್ದೀನಿ. ಅವರನ್ನ ಹೆಸರು ಹಿಡಿದೇ ಕರೀಬೇಕಂತೆ. 78 ವರ್ಷದವರನ್ನ ಹೆಸರು ಹಿಡಿದು ಕರೆಯೋಕೆ ನನ್ನ ನಾಲಿಗೆ ಏಳಲ್ಲ. ಹಾಗಾಗಿ ಇಲ್ಲಿ ಅವರು ‘ಅಜ್ಜಿ’.

2/9

ಅಜ್ಜಿಯ ಹಿತ್ತಲಲ್ಲಿ 1973ರ ಒಂದು ಕ್ಯಾರವಾನ್ ನಿಂತಿತ್ತು. ಕಾರಿನ ಹಿಂದೆ ಸಿಕ್ಕಿಸ್ಕೊಂಡು ಹೋಗೋ ಗಾಲಿ ಮನೆ. ಒಳಗೆ ಪುಟ್ಟ ಅಡುಗೆ ಕಟ್ಟೆ, ಮಡಚೋ ಹಾಸಿಗೆ, ಕಿತ್ತಳೆ ಹೂವಿನ ಪರದೆ. ಅಜ್ಜಿ, ಅವರ ಗಂಡ ಪ್ರತಿ ಬೇಸಿಗೆ ಅದರಲ್ಲೇ ಊರೂರು ತಿರುಗ್ತಿದ್ರಂತೆ. ಗಂಡ ತೀರಿಹೋಗಿ ಎರಡು ವರ್ಷ. ಗಾಡಿ ಅಲ್ಲೇ ನಿಂತು ಪಾಚಿ ಹಿಡಿದಿತ್ತು.

ಈ ದೇಶಕ್ಕೆ ಇದರ ಹುಚ್ಚು ಹಳೇದು. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಅನ್ನೋ ಡಾಕ್ಟರು, ಮೊದಲು ನೌಕಾಪಡೆಯಲ್ಲಿ ಇದ್ದವರು, ಬ್ರಿಸ್ಟಲ್‌ನಲ್ಲಿ ‘ವಾಂಡರರ್’ ಅಂತ ಒಂದು ಮನೆ-ಗಾಡಿ ಕಟ್ಟಿಸಿದ್ರು. ಮಹಾಗನಿ ಮರದ್ದು, ಎಳೆಯೋಕೆ ಎರಡು ಕುದುರೆ. ಅದರಲ್ಲೇ ಸ್ಕಾಟ್ಲೆಂಡಿನ ಇನ್ವರ್ನೆಸ್ ತನಕ ಹೋಗಿ ಪುಸ್ತಕಾನೂ ಬರೆದ್ರು. 1919ರಲ್ಲಿ ಬರ್ಮಿಂಗ್‌ಹ್ಯಾಮಿನ ಎಕಲ್ಸ್ ಕಂಪನಿ ಕಾರು ಎಳೆಯೋ ಕ್ಯಾರವಾನ್ ಮಾಡೋಕೆ ಹೊರಟಿತು. ಎರಡನೇ ಮಹಾಯುದ್ಧ ಆದ್ಮೇಲೆ ಸಾಮಾನ್ಯ ಜನರ ಕೈಗೂ ಸಿಗೋ ಹಾಗಾಯ್ತು. ಚಿಕ್ಕ ಕಾರು ಎಳೀಬೇಕು ಅಂದ್ರೆ ಗಾಡಿ ಹಗುರ ಇರಬೇಕು. ಅದಕ್ಕೇ ತೆಳ್ಳಗಿನ ಮರದ ಚೌಕಟ್ಟು, ಹೊರಗೆ ಒಂದು ಮಿಲಿಮೀಟರ್‌ಗಿಂತ ತೆಳು ಅಲ್ಯೂಮಿನಿಯಂ ತಗಡು, ಒಳಗೆ ಹಾರ್ಡ್‌ಬೋರ್ಡು, ನಡುವೆ ಥರ್ಮೊಕೋಲ್. ಈ ಪದರಗಳನ್ನ ನೆನಪಿಟ್ಕೊಳ್ಳಿ, ಇಡೀ ಕಥೆ ಅದರ ಮೇಲೇ ನಿಂತಿದೆ.

ಮಾರ್ಚ್‌ನಲ್ಲಿ ಅಜ್ಜಿಯ ಮಗಳು ಬಂದು, ಒಳಗೆ ನೀರು ಸೋರ್ತಿದೆ, ಗುಜರಿಯವರನ್ನ ಕರೆಸು ಅಂದ್ರು. ಅಜ್ಜಿ ಆ ರಾತ್ರಿ ನನ್ನ ಬಾಗಿಲು ತಟ್ಟಿದ್ರು. “ನೀನು ಇಂಜಿನಿಯರ್ ಅಲ್ವಾ? ರೂಫ್ ಸರಿ ಮಾಡ್ತೀಯಾ? ಎರಡು ತಿಂಗಳ ಬಾಡಿಗೆ ಬಿಡ್ತೀನಿ.”

ಎರಡು ತಿಂಗಳ ಬಾಡಿಗೆ ಅಂದ್ರೆ 840 ಪೌಂಡ್. ನಮ್ಮ ಲೆಕ್ಕದಲ್ಲಿ ಆಗ 90 ಸಾವಿರದ ಹತ್ತಿರ ಆಗ್ತಿತ್ತು. ಊರಲ್ಲಿ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದಿದೆ, ನನ್ನ ಓದಿನ ಸಾಲದ ಕಂತು ಅಪ್ಪಯ್ಯ ಕಟ್ತಿದ್ದಾರೆ. ಒಂದು ಕ್ಷಣಾನೂ ಯೋಚಿಸದೆ “ಮಾಡ್ತೀನಿ” ಅಂದುಬಿಟ್ಟೆ.

3/9

ನನ್ನ ಧೈರ್ಯ ಏನು ಗೊತ್ತಾ? ನಾನು ಆಗುಂಬೆ ಪಕ್ಕದವನು. ವರ್ಷಕ್ಕೆ 7,000 ಮಿಲಿಮೀಟರ್ ದಾಟೋ ಮಳೆ ನೋಡಿದವನು. ಇಲ್ಲಿ ಬೀಳೋದು ಸಾವಿರದ ಸುತ್ತಮುತ್ತ. ಇದ್ಯಾವ ಮಳೆ ಅಂತ ಒಂದು ಕೊಬ್ಬು.

ಆ ಕೊಬ್ಬಲ್ಲಿ ಮಾಡಿದ್ದೇನು ಅಂದ್ರೆ: ಅಂಗಡಿಗೆ ಹೋದೆ. ರೂಫಿಗೆ ಬಳಿಯೋ ರಬ್ಬರ್ ಪೇಂಟ್ ಎರಡು ಡಬ್ಬ, ಸಿಲಿಕೋನ್ ಐದು ಟ್ಯೂಬ್ ತಂದೆ. ಪಾಚಿ ಉಜ್ಜಿದೆ. ಎಲ್ಲೆಲ್ಲಿ ಸಂದು ಕಾಣಿಸ್ತೋ ಅಲ್ಲೆಲ್ಲ ಸಿಲಿಕೋನ್ ತುಂಬಿದೆ. ರೂಫಿನ ಅಂಚಿಗೆ ಸುತ್ತಲೂ ಒಂದು ಅಲ್ಯೂಮಿನಿಯಂ ಪಟ್ಟಿ ಇರುತ್ತೆ, ಅದರ ಮೇಲಂಚು, ಕೆಳಂಚು ಎರಡಕ್ಕೂ ಗೀಚಿದೆ. ಮೇಲೆ ಎರಡು ಕೋಟ್ ಬಿಳಿ ಬಳಿದೆ. ಒಳಗೆ ಹಾಸಿಗೆ ಮೇಲ್ಗಡೆ ಸೀಲಿಂಗ್‌ನಲ್ಲಿ ಕಂದು ಕಲೆ ಇತ್ತು. ಅದಕ್ಕೂ ದಪ್ಪಗೆ ಆಯಿಲ್ ಪೇಂಟ್. ಫೋಟೊ ತೆಗೆದೆ. ನಿಮಗೆ ಹಾಕಿದೆ.

ಅಜ್ಜಿ ಅವತ್ತೇ ಏಪ್ರಿಲ್ ಬಾಡಿಗೆ ಬಿಟ್ರು.

ಮೂರು ವಾರ ಜಿಟಿಜಿಟಿ ಮಳೆ. ಮೇ ಮೊದಲ ವಾರ ಬಾಗಿಲು ತೆಗೆದ್ರೆ ಒದ್ದೆ ಗೋಣಿಚೀಲದ ವಾಸನೆ. ನಾನು ಪೇಂಟ್ ಬಳಿದಿದ್ದ ಜಾಗ ದೋಸೆ ಥರ ಉಬ್ಬಿ ಕೆಳಗೆ ಜೋತಿತ್ತು. ಬೆರಳಿಂದ ಒತ್ತಿದೆ. ಬೆರಳು ಒಳಗೆ ಹೋಯ್ತು. ತೂತಿನಿಂದ ಒಂದು ಲೋಟದಷ್ಟು ಕಂದು ನೀರು ನನ್ನ ತೋಳಿನ ಮೇಲೆ ಸುರೀತು.

ಸೋರಿಕೆ ನಿಂತಿರಲಿಲ್ಲ. ಅದು ನನ್ನ ಕಣ್ಣಿಗೆ ಕಾಣೋದು ಮಾತ್ರ ನಿಂತಿತ್ತು.

4/9

ಮೊದಲು ಅಪ್ಪಯ್ಯನಿಗೆ ಫೋನ್ ಮಾಡಿದೆ. ಅವರು ಓದಿದ್ದು ಏಳನೇ ಕ್ಲಾಸು. ಆದರೆ ನಮ್ಮ ಹಂಚಿನ ಮನೆಯನ್ನ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕೈಯಾಡಿಸೋದು ಅವರೇ. ಕೈಯಾಡಿಸೋದು ಅಂದ್ರೆ ಹಂಚುಗಳನ್ನ ಒಂದೊಂದಾಗಿ ಎತ್ತಿ, ಒಡೆದದ್ದು ಬದಲಿಸಿ, ಕಸ ಗುಡಿಸಿ, ಮತ್ತೆ ಕೂರಿಸೋದು.

ಎಲ್ಲ ಕೇಳಿಸ್ಕೊಂಡು, “ನೀರು ಎಲ್ಲಿ ಬೀಳ್ತದೆ?” ಅಂದ್ರು.

“ಹಿಂದ್ಗಡೆ, ಹಾಸಿಗೆ ಮೇಲೆ.”

“ಅದು ಬೀಳೋ ಜಾಗ ಆಯ್ತು ಮಾರಾಯ. ಬರೋ ಜಾಗ ಎಲ್ಲಿ? ನಮ್ಮನೇಲಿ ಜಗಲೀಲಿ ತೊಟ್ಟಿಕ್ಕಿದ್ರೆ ಹಂಚು ಒಡ್ದಿರೋದು ಮೇಲೆಲ್ಲೋ ಇರ್ತದೆ. ರೀಪಿನ ಮೇಲೆ ಹರ್ಕೊಂಡು ಬಂದು ಎಲ್ಲಿ ಅಡ್ಡ ಸಿಗ್ತದೋ ಅಲ್ಲಿ ಬೀಳ್ತದೆ. ಗಾಡಿ ಯಾವ ಕಡೆ ವಾಲಿದೆ ನೋಡಿದ್ಯಾ?”

ನಾಲ್ಕು ವರ್ಷ ಸಿವಿಲ್, ಮೇಲೊಂದು ಎಂ.ಎಸ್ಸಿ. ಗಾಡಿ ಯಾವ ಕಡೆ ವಾಲಿದೆ ಅಂತ ನಾನು ನೋಡಿರಲಿಲ್ಲ. ಹಿತ್ತಲು ಇಳಿಜಾರು. ಗಾಡಿಯ ಮೂತಿ ಮೇಲೆ, ಬಾಲ ಕೆಳಗೆ.

ಇನ್ನೊಂದು ಮಾತು ಹೇಳಿದ್ರು. “ಹಂಚಿನ ಮನೆ ನೀರು ತಡೆಯಲ್ಲ, ನೀರನ್ನ ಕಳಿಸಿಕೊಡ್ತದೆ. ನೆನೆದ್ರೂ ಒಣಗ್ತದೆ, ಸಂದಿಯಿಂದ ಗಾಳಿ ಆಡ್ತದೆ. ನಿಂದು ಡಬ್ಬಿ. ಡಬ್ಬಿ ಮುಚ್ಚಳ ಹಾಕೋಕ್ ಮುಂಚೆ ಒಳಗೆ ಒಣಗಿದ್ಯಾ ಅಂತ ನೋಡ್ಬೇಕಲ್ದಾ?”

1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದಾಗಿಂದ ನಮ್ಮ ಕಡೆ ಮನೆಗಳ ಮೇಲೆ ಇರೋ ಆ ಕೆಂಪು ಹಂಚು. ಒಂದರ ಮೇಲೊಂದು ಕೂರುತ್ತೆ, ಅಂಟು ಇಲ್ಲ. 7,000 ಮಿಲಿಮೀಟರ್ ಮಳೆಗೂ ಅದೇ ಸಾಕು. ನಾನು ಅದರ ಕೆಳಗೇ ಹುಟ್ಟಿ ಬೆಳೆದು, ಅದರಿಂದ ಏನೂ ಕಲಿತಿರಲಿಲ್ಲ.

ಫೋನ್ ಇಡೋ ಹೊತ್ತಿಗೆ ಸುಮ್ನೆ ಕೇಳಿದೆ, “ಈ ಸಲ ಕೈಯಾಡಿಸಿ ಆಯ್ತಾ?” ಅಪ್ಪಯ್ಯ ಮಾತಾಡಲಿಲ್ಲ. ಹಿಂದಿನಿಂದ ಅಮ್ಮ ಅಂದ್ರು, “ಹೇಳಿ ಅವನಿಗೆ. ಅವನು ಹೇಳಿದ್ನಲ್ಲ.”

ಎರಡು ವರ್ಷದಿಂದ ಕೈಯಾಡಿಸಿಲ್ಲವಂತೆ. ಮಂಡಿ ನೋವು, ಏಣಿ ಹತ್ತೋಕಾಗಲ್ಲ. ಆಳಿನ ಕೂಲಿ ದುಬಾರಿ. ಅಡುಗೆಮನೆ ಮೂಲೆ ಸೋರ್ತಿದೆ, ಟಾರ್ಪಾಲು ಹೊದೆಸಿದ್ದಾರೆ. ನಾನು ಪ್ರತಿ ಭಾನುವಾರ ಫೋನ್ ಮಾಡಿದಾಗಲೂ ‘ಎಲ್ಲ ಚೆನ್ನಾಗಿದೆ’ ಅಂತಿದ್ರು. ನಾನೂ ಅದನ್ನೇ ಅಂತಿದ್ದೆ.

5/9

ಮಾರನೇ ದಿನ ಅಜ್ಜಿಯನ್ನ ಕರ್ಕೊಂಡು ಹೋಗಿ ತೂತು ತೋರಿಸಿದೆ. “ನನ್ನಿಂದ ಹಾಳಾಯ್ತು. ಏಪ್ರಿಲ್ ಬಾಡಿಗೆ ಕೊಟ್ಟುಬಿಡ್ತೀನಿ” ಅಂದೆ. ಕೊಡೋಕೆ ದುಡ್ಡಿರಲಿಲ್ಲ, ಆದರೂ ಅಂದೆ.

ಅಜ್ಜಿ ತೂತನ್ನ ನೋಡಿದ್ರು, ಬಗ್ಗಿ ವಾಸನೆ ನೋಡಿದ್ರು. ಆಮೇಲೆ ನಕ್ಕುಬಿಟ್ರು. “ನಮ್ಮವರೂ ಹೀಗೇ. ಪ್ರತಿ ವರ್ಷ ಒಂದು ಟ್ಯೂಬ್ ಸಿಲಿಕೋನ್. ರಾತ್ರಿ ನನ್ನ ಮುಖದ ಮೇಲೆ ನೀರು ಬಿದ್ರೆ, ಅದು ಸೋರಿಕೆ ಅಲ್ಲ, ನಮ್ಮ ಉಸಿರಿನ ಹನಿ ಅಂತಿದ್ರು. ಮೂವತ್ತು ವರ್ಷ ನಂಬಿದೆ.” ಸ್ವಲ್ಪ ಹೊತ್ತು ಸುಮ್ನಿದ್ದು, “ದುಡ್ಡು ಆಮೇಲೆ ಲೆಕ್ಕ ಹಾಕೋಣ. ಮೊದಲು ಬಿಚ್ಚು” ಅಂದ್ರು.

ಬಿಚ್ಚಿದೆ.

ಹಳೇ ಗಾಡಿ ಕೆಲಸಕ್ಕೆ ಇಳಿಯೋರು ಇಲ್ಲಿಂದ ಸ್ಕ್ರೀನ್‌ಶಾಟ್ ತಗೊಳ್ಳಿ. ಮೊದಲು ಬೇಕಾಗಿದ್ದು ಪೇಂಟ್ ಅಲ್ಲ, ತೇವ ಅಳೆಯೋ ಮೀಟರ್. ಎರಡು ಸೂಜಿ ಇರುತ್ತೆ, ಗೋಡೆಗೆ ಚುಚ್ಚಿದ್ರೆ ಶೇಕಡಾ ಎಷ್ಟು ತೇವ ಅಂತ ತೋರಿಸುತ್ತೆ. 15ರ ಒಳಗಿದ್ರೆ ನೆಮ್ಮದಿ. 20 ದಾಟಿದ್ರೆ ಎಚ್ಚರ. 30 ದಾಟಿದ್ರೆ ಮರ ಕೊಳೀತಿದೆ ಅಂತಲೇ ಅಂದ್ಕೊಳ್ಳಿ. ಒಂದಡಿಗೊಂದು ಕಡೆ ಚುಚ್ಚಿ ಚಾಕ್‌ಪೀಸಲ್ಲಿ ನಂಬರ್ ಬರೀತಾ ಹೋದೆ. ಹಾಸಿಗೆ ಮೇಲೆ 38. ಅಲ್ಲಿಂದ ಮುಂದಕ್ಕೆ 34, 33, 31. ನಂಬರು ಸಾಲಾಗಿ ಎಡಗಡೆ ಅಂಚು ಹಿಡ್ಕೊಂಡು, ಮುಂದಿನ ಮೂಲೆ ತನಕ. ಕೊನೆಗೆ ಅಲ್ಲಿ 40.

ನೀರು ಒಳಗೆ ಬರ್ತಿದ್ದದ್ದು ಮುಂದಿನ ಎಡ ಮೂಲೆಯಲ್ಲಿ. ಬೀಳ್ತಿದ್ದದ್ದು ಹನ್ನೆರಡು ಅಡಿ ಆಚೆ. ಅಪ್ಪಯ್ಯ ಎಂಟು ಸಾವಿರ ಕಿಲೋಮೀಟರ್ ದೂರದಲ್ಲಿ ಜಗಲಿ ಮೇಲೆ ಕೂತು ಹೇಳಿದ್ದು ಇದನ್ನೇ.

6/9

ಏನಾಗಿತ್ತು ಅಂದ್ರೆ: ರೂಫಿನ ತಗಡು ಮತ್ತು ಪಕ್ಕದ ತಗಡು ಸೇರೋ ಅಂಚಿನ ಮೇಲೆ ಆ ಅಲ್ಯೂಮಿನಿಯಂ ಪಟ್ಟಿಯನ್ನ ಸ್ಕ್ರೂ ಹಾಕಿ ಕೂರಿಸಿರ್ತಾರೆ. ಪಟ್ಟಿಯ ಅಡಿಗೆ ಮ್ಯಾಸ್ಟಿಕ್ ಅನ್ನೋ ಮೆತ್ತನೆ ಅಂಟು. ಹೊಸದರಲ್ಲಿ ಅದು ಚ್ಯೂಯಿಂಗ್ ಗಮ್ ಥರ. ವರ್ಷ ಕಳೆದ ಹಾಗೆ ಒಣಗಿ ಬಿಸ್ಕತ್ ಆಗುತ್ತೆ. ಆಗ ಕೂದಲೆಳೆಯಷ್ಟು ಸಂದಿ ಬಿದ್ರೂ ಸಾಕು, ನೀರು ತಾನಾಗೇ ಒಳಗೆ ಎಳ್ಕೊಂಡು ಹೋಗುತ್ತೆ, ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ. ಸ್ಕ್ರೂ ಹಿಡ್ಕೊಂಡು ನೇರ ಮರಕ್ಕೆ.

ನಾನು ಬಿಳಿ ಬಳಿದದ್ದು ರೂಫಿನ ನಡುವಿಗೆ. ಆ ತಗಡಿಗೆ ಏನೂ ಆಗಿರಲೇ ಇಲ್ಲ. ಪಟ್ಟಿಯ ಕೆಳಂಚಿಗೆ ಸಿಲಿಕೋನ್ ಗೀಚಿದ್ದು ಇನ್ನೂ ದೊಡ್ಡ ತಪ್ಪು. ಒಳಗೆ ಹೋದ ನೀರಲ್ಲಿ ಸ್ವಲ್ಪವಾದ್ರೂ ಅಲ್ಲಿಂದ ಹೊರಗೆ ಬರ್ತಿತ್ತು. ನಾನು ಆ ಬಾಗಿಲನ್ನೇ ಮುಚ್ಚಿದ್ದೆ. ಸೀಲಿಂಗಿಗೆ ಆಯಿಲ್ ಪೇಂಟ್ ಬಳಿದು ಕೆಳಗಿನ ದಾರೀನೂ ಬಂದ್.

ಪಟ್ಟಿ ಬಿಚ್ಚೋಕೆ 146 ಸ್ಕ್ರೂ. ಎಣಿಸಿದ್ದೀನಿ. ಅಲ್ಯೂಮಿನಿಯಂ ಒಳಗೆ ಕಬ್ಬಿಣದ ಸ್ಕ್ರೂ ನೀರು ಕುಡಿದು ಕೂತ್ರೆ ಎರಡೂ ಕಚ್ಚಿಕೊಂಡುಬಿಡುತ್ತವೆ. ಅರ್ಧಕ್ಕರ್ಧ ತಲೆ ಮುರಿದವು. ಮುರಿದದ್ದನ್ನ ಇಕ್ಕಳದಲ್ಲಿ ಹಿಡಿದು ಒಂದೊಂದೇ ತಿರುಗಿಸಿ ತೆಗೆದೆ. ರಾತ್ರಿ ಪಾಳಿ ಮುಗಿಸಿ ಬಂದು, ಬೆಳಗ್ಗೆ ಎರಡು ಗಂಟೆ, ಹನ್ನೊಂದು ದಿನ.

ಎಲ್ಲಕ್ಕಿಂತ ಕಷ್ಟ ಸಿಲಿಕೋನ್ ತೆಗೆಯೋದು. ಅದಕ್ಕೊಂದು ಕೆಟ್ಟ ಗುಣ: ಅದು ಇದ್ದ ಜಾಗಕ್ಕೆ ಬೇರೆ ಅಂಟು ಹಿಡಿಯಲ್ಲ, ಅದರ ಮೇಲೆ ಅದೇ ಸರಿಯಾಗಿ ಹಿಡಿಯಲ್ಲ. ಪೂರ್ತಿ ಹೋಗಬೇಕು. ಪ್ಲಾಸ್ಟಿಕ್ ಉಜ್ಜುಗತ್ತಿ, ಸ್ಪಿರಿಟ್, ಹಳೇ ಬನಿಯನ್ನು. ಲೋಹದ ಕತ್ತಿ ಹಾಕಿದ್ರೆ ತಗಡು ಗೀರುತ್ತೆ. ಅಜ್ಜಿಯ ಗಂಡ ಮೂವತ್ತು ವರ್ಷ ಹಾಕಿದ್ದು, ಮೇಲೆ ನಾನು ಒಂದು ಭಾನುವಾರ ಹಾಕಿದ್ದು. ಅಜ್ಜಿ ಕೆಳಗೆ ಕುರ್ಚಿ ಹಾಕ್ಕೊಂಡು ಕೂತು, ಬಿದ್ದ ಚೂರುಗಳನ್ನ ನೋಡಿ, “ಇದು ಅವರದ್ದು, ಇದು ನಿನ್ನದು” ಅಂತ ಗುರುತು ಹಿಡೀತಿದ್ರು.

7/9

ಒಳಗಿನ ಹಾರ್ಡ್‌ಬೋರ್ಡ್ ಕಿತ್ತಾಗ ಮರದ ಚೌಕಟ್ಟು ಕಾಣಿಸ್ತು. ಮೂಲೆಯಲ್ಲಿ ಮರ ಇರಲಿಲ್ಲ, ಮರದ ಆಕಾರದ ಕಾಫಿಪುಡಿ ಇತ್ತು. ಮುಟ್ಟಿದ್ರೆ ಉದುರ್ತಿತ್ತು. ಗಟ್ಟಿ ಮರ ಸಿಗೋ ತನಕ ಕತ್ತರಿಸ್ತಾ ಹೋದೆ. ಒಂದಡಿ ಅಂದ್ಕೊಂಡಿದ್ದು ಐದಡಿ ಆಯ್ತು.

ಆಮೇಲೆ ನಾನು ಏನೂ ಮಾಡಲಿಲ್ಲ. ಇದೇ ಮುಖ್ಯ. ಮೇಲೆ ಟಾರ್ಪಾಲು ಹೊದೆಸಿ, ಅದರ ಕೆಳಗೆ ಗಾಳಿ ಆಡೋ ಹಾಗೆ ಕೋಲು ಕೊಟ್ಟು, ಒಳಗೆ ತೇವ ಹೀರೋ ಮೆಷಿನ್ ಇಟ್ಟೆ. ಮೊದಲ ದಿನ ಅದರ ತೊಟ್ಟಿ ಎರಡು ಸಲ ತುಂಬಿತು. ಎರಡನೇ ವಾರ ಎರಡು ದಿನಕ್ಕೊಂದ್ಸಲ. ಆಗುಂಬೆ ಮಳೆ ಜೋರು, ಆದರೆ ಆಮೇಲೆ ನಮಗೆ ಬಿಸಿಲು ಇದೆ. ಇಲ್ಲಿ ಮಳೆ ಕಮ್ಮಿ, ಆದರೆ ಒಣಗೋಕೆ ಬಿಡುವೇ ಕೊಡಲ್ಲ. ಮೂರು ವಾರ ಕಾದೆ. ಎಲ್ಲ ಕಡೆ 14, 13 ಬಂತು. ಆಗ ಮುಚ್ಚೋಕೆ ಶುರು ಮಾಡಿದೆ.

ಹೊಸ ಮರಕ್ಕೆ ಕೊಳೆಯದ ಔಷಧಿ ಬಳಿದು, ಹಳೇ ಗಟ್ಟಿ ಮರದ ಜೊತೆ ಓರೆಯಾಗಿ ಕತ್ತರಿಸಿ ಅಂಟು, ಸ್ಕ್ರೂ ಹಾಕಿ ಕೂಡಿಸಿದೆ. ಪಟ್ಟಿಯ ಅಡಿಗೆ ಬ್ಯುಟೈಲ್ ಟೇಪ್. ಇದು ಯಾವತ್ತೂ ಗಟ್ಟಿಯಾಗದ ಹಾಗೆ ಮಾಡಿರೋ ಅಂಟು. ಯಾಕೆ ಬೇಕು ಅಂದ್ರೆ ಬಿಸಿಲಿಗೆ ಅಲ್ಯೂಮಿನಿಯಂ ಹಿಗ್ಗುತ್ತೆ, ಚಳಿಗೆ ಕುಗ್ಗುತ್ತೆ, ರಸ್ತೆಯಲ್ಲಿ ಗಾಡಿ ಅಲುಗಾಡುತ್ತೆ. ಗಟ್ಟಿ ಅಂಟಾದ್ರೆ ಬಿರಿಯುತ್ತೆ. ಮೆತ್ತಗಿದ್ರೆ ಜೊತೆಗೇ ಅಲುಗಾಡುತ್ತೆ. ಸ್ಕ್ರೂ ಎಲ್ಲ ಸ್ಟೇನ್‌ಲೆಸ್ ಸ್ಟೀಲ್. ಪಟ್ಟಿಯ ನಡುವಿಂದ ತುದಿಗಳ ಕಡೆಗೆ ಬಿಗಿಯಬೇಕು, ಅತಿ ಬಿಗಿಯಬಾರದು. ಮೂರ್ನಾಲ್ಕು ದಿನ ಅಂಟು ಅಂಚಿಂದ ಹೊರಗೆ ಉಕ್ಕುತ್ತೆ. ಉಕ್ಕಿದ್ದನ್ನ ಕೆರೆದು ಮತ್ತೆ ಸ್ವಲ್ಪ ಬಿಗೀಬೇಕು. ರೂಫಿನ ಗಾಳಿಕಿಂಡಿಯನ್ನೂ ಬಿಚ್ಚಿ ಹಾಗೇ ಕೂರಿಸಿದೆ.

ಎರಡು ಎಚ್ಚರಿಕೆ. ಹಳೇ ಪೇಂಟಲ್ಲಿ ಸೀಸ ಇರಬಹುದು, ಮಾಸ್ಕ್ ಇಲ್ಲದೆ ಉಜ್ಜಬೇಡಿ. ರೂಫ್ ಮೇಲೆ ನೇರ ಕಾಲಿಡಬೇಡಿ, ಏಣಿಯಿಂದ ಕೆಲಸ ಮಾಡಿ ಅಥವಾ ಭಾರ ಹಂಚೋ ಹಾಗೆ ಹಲಗೆ ಹಾಕಿ.

8/9

ಪರೀಕ್ಷೆ ದಿನ. ಅಜ್ಜಿ ರೇನ್‌ಕೋಟ್ ಹಾಕ್ಕೊಂಡು ಹೊರಗೆ ಪೈಪು ಹಿಡಿದು ನಿಂತ್ರು. ನಾನು ಒಳಗೆ ಟಾರ್ಚ್ ಹಿಡಿದು ಕೂತೆ. ನೀರು ಬಿಡಬೇಕಾದ್ದು ಕೆಳಗಿಂದ ಮೇಲಕ್ಕೆ. ಮೇಲಿಂದ ಬಿಟ್ರೆ ಎಲ್ಲ ಸಂದೂ ಒಟ್ಟಿಗೇ ನೆನೆದು ಯಾವುದು ಸೋರ್ತಿದೆ ಅಂತ ಗೊತ್ತಾಗಲ್ಲ. ಒಂದೊಂದು ಕಡೆ ಹತ್ತು ನಿಮಿಷ.

ಕಿಟಕಿ ಅಂಚು, ಒಣ. ಪಕ್ಕದ ಪಟ್ಟಿ, ಒಣ. ಮುಂದಿನ ಎಡ ಮೂಲೆ. ಹತ್ತು ನಿಮಿಷ ನಾನು ಸರಿಯಾಗಿ ಉಸಿರೂ ಆಡಿಲ್ಲ. ಒಣ. ಗಾಳಿಕಿಂಡಿ, ಏಳನೇ ನಿಮಿಷಕ್ಕೆ ಒಂದು ಹನಿ.

“ಬಂತು!” ಅಂತ ಕೂಗಿದೆ. ಹೊರಗಿಂದ ಅಜ್ಜಿ, “ಉಸಿರಿನ ಹನಿ ಇರಬೇಕು!” ಅಂದ್ರು.

ಇಬ್ಬರೂ ನಕ್ಕೂ ನಕ್ಕೂ ಸುಸ್ತು. ಆಮೇಲೆ ಅಜ್ಜಿ ಸುಮಾರು ಹೊತ್ತು ಒಳಗೆ ಬರಲಿಲ್ಲ. ನಾನು ಹೊರಗೆ ಹೋಗಿ ನೋಡಲೂ ಇಲ್ಲ.

ಗಾಳಿಕಿಂಡಿ ಮತ್ತೆ ಬಿಚ್ಚಿದೆ. ಒಂದು ಮೂಲೆಯಲ್ಲಿ ಟೇಪಿನ ತುದಿಗಳು ಒಂದರ ಮೇಲೊಂದು ಕೂತಿರಲಿಲ್ಲ, ಉಗುರಿನಷ್ಟು ಸಂದಿ. ಸರಿ ಮಾಡಿದೆ. ಮತ್ತೆ ಪೈಪು. ಒಣ. ಆ ವಾರ ಎರಡು ದಿನ ಬಿಡದೆ ಮಳೆ ಬಂತು. ಒಂದು ರಾತ್ರಿ ನಾನು ಒಳಗೇ ಮಲಗಿದೆ. ಹಂಚಿನ ಮೇಲೆ ಮಳೆ ಬಿದ್ರೆ ಒಂದು ದೊಡ್ಡ ಶಬ್ದ, ಒಟ್ಟಿಗೆ. ತಗಡಿನ ಮೇಲೆ ಒಂದೊಂದು ಹನಿಯೂ ಬೇರೆ ಬೇರೆ ಕೇಳುತ್ತೆ. ಬೆಳಗ್ಗೆ ಮೀಟರ್ ಚುಚ್ಚಿದ್ರೆ 13.

9/9

ಗಾಡಿ ಇನ್ನೂ ಎಲ್ಲೂ ಹೋಗಿಲ್ಲ. ಟೈರು ಹಳೇದು, ಬ್ರೇಕ್ ನೋಡಿಸಬೇಕು. ಆದರೆ ಗುಜರಿಗೂ ಹೋಗಲಿಲ್ಲ. ಸಂಜೆ ಮಳೆ ಬಂದ್ರೆ ಅಜ್ಜಿ ಚಹಾ ಹಿಡ್ಕೊಂಡು ಅದರೊಳಗೆ ಹೋಗಿ ಕೂರ್ತಾರೆ. ಮೊದಲ ಫೋಟೊ ಅದು. ಕೇಳಿಯೇ ತೆಗೆದದ್ದು, ಮುಖ ಬೇಡ ಅಂದ್ರು, ಹಾಗಾಗಿ ಕೈ ಮತ್ತು ಕಪ್ಪು ಮಾತ್ರ.

ಲೆಕ್ಕಾನೂ ಆಯ್ತು. ಅಜ್ಜಿ ಒಂದು ಹಳೇ ನೋಟ್‌ಬುಕ್ಕಲ್ಲಿ ಬರೆದು ತೋರಿಸಿದ್ರು. ‘ಬಿಳಿ ಪೇಂಟ್: ಸೊನ್ನೆ. ಬಿಚ್ಚಿದ್ದಕ್ಕೆ: ಒಂದು ತಿಂಗಳು. ಮುಚ್ಚಿದ್ದಕ್ಕೆ: ಒಂದು ತಿಂಗಳು.’ ಏಪ್ರಿಲ್‌ನದ್ದು ಅದರಲ್ಲೇ ಸೇರಿತು. ನ್ಯಾಯವಾದ ಲೆಕ್ಕ.

ಊರಿನ ವಿಷಯ. ಅಪ್ಪಯ್ಯನ ಫೋನ್ ಆದ ರಾತ್ರಿ ನಾನು ಬ್ಯಾಚ್ ಗ್ರೂಪಿನಲ್ಲಿ ಏನೂ ಬರೆದಿರಲಿಲ್ಲ. ಇಬ್ಬರಿಗೆ ಮಾತ್ರ ಬೇರೆಯಾಗಿ ಮೆಸೇಜ್ ಮಾಡಿದ್ದೆ. ಮೇ ಕೊನೇ ಭಾನುವಾರ ಆ ಇಬ್ಬರು ಶಿವಮೊಗ್ಗದಿಂದ ಬೈಕಲ್ಲಿ ನಮ್ಮನೆಗೆ ಹೋಗಿದ್ರು. ಅಪ್ಪಯ್ಯ ಅಂಗಳದಲ್ಲಿ ಕುರ್ಚಿ ಹಾಕಿ ಕೂತು ಹೇಳಿಕೊಟ್ರಂತೆ, ಇವರು ಮೇಲೆ. ಮೊದಲ ಒಂದು ಗಂಟೆಯಲ್ಲಿ ಒಡೆದದ್ದಕ್ಕಿಂತ ಹೆಚ್ಚು ಹಂಚು ಇವರೇ ಒಡೆದ್ರಂತೆ. ಸಂಜೆಗೆ ಅಡುಗೆಮನೆ ಕಡೆಯದ್ದು ಪೂರ್ತಿ ಕೈಯಾಡಿಸಿ ಟಾರ್ಪಾಲು ಮಡಚಿಟ್ಟು ಬಂದ್ರು. ಯಾರು ಅಂತ ಅವರಿಗೇ ಗೊತ್ತು. ಮುಂದಿನ ಸಲ ಊರಿಗೆ ಬಂದಾಗ ಊಟ ನನ್ನದು ಕಣ್ರೋ.

ಕೊನೇ ಫೋಟೊ ಅಮ್ಮ ಕಳಿಸಿದ್ದು, ಜುಲೈ ತಿಂಗಳದ್ದು. ಹೊರಗೆ ಕಪ್ಪು ಮಳೆ. ಅಡುಗೆಮನೆ ಮೂಲೆಯಲ್ಲಿ, ಪಾತ್ರೆ ಇಟ್ಟಿದ್ದ ಜಾಗದಲ್ಲಿ, ಬೆಕ್ಕು ಮಲಗಿದೆ.

ಏಪ್ರಿಲ್‌ನ ಬಿಳಿ ರೂಫಿನ ಪೋಸ್ಟ್ ಅಳಿಸಲ್ಲ. ಅದರ ಕೆಳಗೆ ಒಂದು ಸಾಲು ಸೇರಿಸಿದ್ದೀನಿ: ‘ಇದು ಕೆಲಸ ಮಾಡಲಿಲ್ಲ. ಯಾಕೆ ಅಂತ ಮುಂದಿನ ಪೋಸ್ಟ್ ನೋಡಿ.’

ಈ ವಾರ ಮನೆಗೆ ಫೋನ್ ಮಾಡಿದಾಗ ‘ಎಲ್ಲ ಚೆನ್ನಾಗಿದೆ’ ಅಂತ ಬಂದ್ರೆ, ಇನ್ನೊಂದ್ಸಲ ಕೇಳಿ. ನೀವೂ ಹಾಗೇ ಹೇಳ್ತಿದ್ರೆ, ಮೊದಲು ನಿಮ್ಮದನ್ನ ಹೇಳಿ.

#ಗಾಲಿಮನೆ #ಹಂಚುಕೈಯಾಡಿಸೋದು